ಅಡಿಕೆ ದುಡ್ಡಿಗೆ ಬೇರೆ ಖಾತೆ ಇರಲಿ

ಸಂಪಾದಕರೇ,

ಮಲೆನಾಡಿನ ಬೆಳೆಗಾರರಿಗೆ ವರ್ಷದ ದುಡಿಮೆ ಮಂಡಿಯಿಂದ ಒಂದೆರಡು ಕಂತಿನಲ್ಲಿ ಖಾತೆಗೆ ಬೀಳುತ್ತದೆ. ಚಹಾ ಅಂಗಡಿಯಲ್ಲಿ ಸ್ಕ್ಯಾನ್ ಮಾಡುವುದೂ ಅದೇ ಖಾತೆಯಿಂದ. ಅಂಗಳದಲ್ಲಿ ಒಣಗಿದ ಅಡಿಕೆಯನ್ನು ರಾತ್ರಿಯೂ ಅಲ್ಲೇ ಬಿಟ್ಟು ಮಲಗಿದ ಹಾಗೆ ಇದು.

ಈಗಿನ ಕಳ್ಳರು ಒಟಿಪಿ ಕೇಳಲೇಬೇಕೆಂದಿಲ್ಲ. ಪರಿಚಿತರ ವಾಟ್ಸ್‌ಆ್ಯಪ್‌ನಿಂದಲೇ ಮದುವೆ ಕರೆಯೋಲೆ ಎಂದು ಫೈಲು ಬರುತ್ತದೆ. ಫೈಲಿನ ಹೆಸರಿನ ಕೊನೆಯಲ್ಲಿ 'ಎಪಿಕೆ' (.apk) ಎಂದಿದ್ದರೆ ಅದು ಕರೆಯೋಲೆಯಲ್ಲ, ಆ್ಯಪ್. ಎಸ್‌ಎಂಎಸ್ ಓದುವ ಅನುಮತಿ ಕೊಟ್ಟಿರೋ, ಒಟಿಪಿ ನೇರ ಅವರ ಕೈಗೆ. ಎಫ್‌ಡಿಯಲ್ಲಿದೆ ಎಂಬ ನಿಶ್ಚಿಂತೆಯೂ ಬೇಡ. ನೆಟ್ ಬ್ಯಾಂಕಿಂಗ್‌ನಲ್ಲಿ ತೆರೆದ ಎಫ್‌ಡಿಯನ್ನು ಅಲ್ಲೇ ಮುರಿಯಲೂ ಬರುತ್ತದೆ.

ಮಂಡಿ ದುಡ್ಡಿಗೆ ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದು ಮನೆಯ ಕೀಪ್ಯಾಡ್ ಫೋನಿನ ನಂಬರ್ ಕೊಡಿ. ಯುಪಿಐ ಜೋಡಿಸುವಾಗ ನೋಂದಾಯಿತ ಸಿಮ್‌ನಿಂದಲೇ ಎಸ್‌ಎಂಎಸ್ ಹೋಗಬೇಕು; ಆ ಸಿಮ್ ಸ್ಮಾರ್ಟ್‌ಫೋನಿನಲ್ಲಿ ಇಲ್ಲದಿದ್ದರೆ ಎಪಿಕೆಯ ಆಟ ನಡೆಯದು. ಚೆಕ್ ಪುಸ್ತಕ, ಪಾಸ್‌ಬುಕ್ ಸಾಕು. ಅರ್ಜಿಯಲ್ಲಿ ಎಟಿಎಂ ಕಾರ್ಡ್, ಮೊಬೈಲ್ ಬ್ಯಾಂಕಿಂಗ್ ಚೌಕಗಳಿಗೆ ಶಾಖೆಯವರೇ ಟಿಕ್ ಹಾಕಿಬಿಡುವುದುಂಟು, ಸಹಿಗೆ ಮೊದಲು ನೋಡಿ. ದಿನಬಳಕೆಯ ಖಾತೆಯಲ್ಲಿ ಹತ್ತು-ಹದಿನೈದು ಸಾವಿರ ಇದ್ದರಾಯಿತು. ಬೆರಳಚ್ಚಿನಿಂದ ಹಣ ತೆಗೆಯುವ ದಾರಿ ಮುಚ್ಚಲು ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಡಿ. ಪಡಿತರಕ್ಕೆ ಹೆಬ್ಬೆಟ್ಟು ಒತ್ತುವ ದಿನ ತೆರೆದುಕೊಂಡರಾಯಿತು.

ಹಣ ಹೋಯಿತೆಂದು ಗೊತ್ತಾದ ಕೂಡಲೇ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಬೇರೆ ಫೋನಿನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕದ್ದ ಹಣ ಖಾತೆಯಿಂದ ಖಾತೆಗೆ ಹಾರುತ್ತಿರುತ್ತದೆ; ಯಾವುದಾದರೂ ಖಾತೆಯಲ್ಲಿ ಇರುವಾಗಲೇ ತಡೆಹಿಡಿಸಬೇಕು. ವಹಿವಾಟಿನ ಯುಟಿಆರ್, ಅಂದರೆ ಅದರ ಗುರುತಿನ ಸಂಖ್ಯೆ, ಕೈಯಲ್ಲಿರಲಿ. ಬ್ಯಾಂಕಿನ ಸಹಾಯವಾಣಿ ನಂಬರನ್ನು ಪಾಸ್‌ಬುಕ್ಕಿನಲ್ಲಿ ನೋಡಿ, ಗೂಗಲ್‌ನಲ್ಲಿ ಹುಡುಕಬೇಡಿ. ಅಲ್ಲಿ ಕಳ್ಳರ ನಂಬರೂ ಸಿಗುತ್ತದೆ.

ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆ ಪ್ರಕಾರ, ಬ್ಯಾಂಕಿನದೂ ಗ್ರಾಹಕರದೂ ತಪ್ಪಿಲ್ಲದ ವಂಚನೆಯನ್ನು 3 ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ ಗ್ರಾಹಕರಿಗೆ ನಷ್ಟವಿಲ್ಲ. 4ರಿಂದ 7 ಕೆಲಸದ ದಿನವಾದರೆ ಸಾಮಾನ್ಯ ಉಳಿತಾಯ ಖಾತೆಯವರ ಹೊಣೆ ಗರಿಷ್ಠ 10,000 ರೂಪಾಯಿ. ಒಟಿಪಿ ನೀವೇ ಹೇಳಿದ್ದರೆ, ದೂರು ಕೊಡುವವರೆಗಿನ ನಷ್ಟ ನಿಮ್ಮದೇ. ಮಳೆಗಾಲದಲ್ಲಿ ಟವರ್ ಮಲಗಿ ಎಸ್‌ಎಂಎಸ್ ಎರಡು ದಿನ ತಡವಾಗಿ ಬರುವ ಹೊಸನಗರ, ಆಗುಂಬೆ ಕಡೆಯವರಿಗೆ ಒಂದು ಮಾತು: ಈ ಲೆಕ್ಕ ಹಣ ಹೋದ ದಿನದಿಂದಲ್ಲ, ಬ್ಯಾಂಕಿನ ಸಂದೇಶ ಕೈಸೇರಿದ ದಿನವನ್ನು ಬಿಟ್ಟು ಮಾರನೆಯ ದಿನದಿಂದ. ದೂರಿನಲ್ಲಿ ಆ ತಾರೀಖನ್ನು ಬರೆದು, ಸ್ವೀಕೃತಿ ಪಡೆದುಕೊಳ್ಳಿ.

— ಬ್ಯಾಂಕ್ ನೌಕರ, ತೀರ್ಥಹಳ್ಳಿ