ಸ್ಲೈಡ್ ತೋರಿಸಿದರೆ ಸಾಲದು, ಹಿಂದಿನ ದಿನವೇ ಕಳಿಸಿ

ಮಾನ್ಯ ಸಂಪಾದಕರೇ,

ನಾನು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. 2020ರಲ್ಲಿ ಕೊರೊನಾ ಬಂದಾಗಿನಿಂದ ನಮ್ಮ ತರಬೇತಿ, ಸಭೆ, ಸೂಚನೆ ಎಲ್ಲ ಜಾಸ್ತಿ ಆನ್‌ಲೈನ್‌ನಲ್ಲೇ ಆಗುತ್ತಿವೆ. ಅದಕ್ಕೆ ನನ್ನ ತಕರಾರಿಲ್ಲ. ಬಸ್ಸು ಹಿಡಿದು ಶಿವಮೊಗ್ಗಕ್ಕೆ ಹೋಗಿ ಬರುವ ಒಂದು ದಿನ ಉಳಿಯುತ್ತದೆ, ಮಕ್ಕಳಿಗೆ ಪಾಠ ತಪ್ಪುವುದಿಲ್ಲ. ತಕರಾರು ಇರುವುದು ಆ ಸಭೆಗಳಲ್ಲಿ ಸ್ಲೈಡ್ ತೋರಿಸುವ ರೀತಿಗೆ. ಇದೇನು ದೊಡ್ಡ ವಿಷಯ ಅಂತ ಓದುವವರಿಗೆ ಅನಿಸಬಹುದು. ನಮಗೆ ದೊಡ್ಡದೇ.

ಹೋದ ವರ್ಷದ ಒಂದು ಸಭೆ ಹೇಳುತ್ತೇನೆ. ಯಾರು ನಡೆಸಿದ್ದು ಅನ್ನುವುದು ಬೇಡ. ಸ್ಟಾಫ್ ರೂಮಿನ ಮೇಜಿನ ಮೇಲೆ ಸೀಮೆಸುಣ್ಣದ ಡಬ್ಬಿಗೆ ನನ್ನ ಮೊಬೈಲ್ ಒರಗಿಸಿಟ್ಟು ನಾವು ಮೂರು ಜನ ಅದರ ಮುಂದೆ ಕೂತಿದ್ದೆವು. ಮಾತಾಡುತ್ತಿದ್ದವರು ಒಂದು ದೊಡ್ಡ ಪಟ್ಟಿ ತೋರಿಸಿದರು. ಎಂಟು ಕಾಲಂ, ಇಪ್ಪತ್ತು ಸಾಲು, ಎಲ್ಲ ಒಂದೇ ಸ್ಲೈಡ್‌ನಲ್ಲಿ. ಕಣ್ಣು ಕಿರಿದು ಮಾಡಿ ನೋಡಿದೆವು, ಬೆರಳಲ್ಲಿ ಹಿಗ್ಗಿಸಿ ನೋಡಿದೆವು, ಹಿಗ್ಗಿಸಿದಷ್ಟೂ ಅಕ್ಷರ ಮಸುಕಾಯಿತು, ಅಷ್ಟರಲ್ಲಿ ಸ್ಲೈಡೇ ಮುಂದೆ ಹೋಯಿತು. ಮಾಹಿತಿ ಕೊಡಲು ಕೊನೇ ದಿನ 13 ಅಂತ ಇದ್ದದ್ದು ನಮ್ಮ ಮೂವರಿಗೂ 18 ಅಂತ ಕಂಡಿತ್ತು. ತಡವಾಯಿತು. ಯಾಕೆ ತಡ ಅಂತ ಬರೆದು ಕೊಡಬೇಕಾಯಿತು. ಸ್ಲೈಡ್ ಕಾಣಲಿಲ್ಲ ಅಂತ ಬರೆಯಲು ಅವತ್ತು ಧೈರ್ಯ ಬರಲಿಲ್ಲ. ಈಗ ಬರೆಯುತ್ತಿದ್ದೇನೆ.

ಆಮೇಲೆ ಕೂತು ಲೆಕ್ಕ ಹಾಕಿದೆ. ಪವರ್‌ಪಾಯಿಂಟ್‌ನಲ್ಲಿ ಈಗ ಹೊಸ ಸ್ಲೈಡ್ ತೆರೆದರೆ ಅದರ ಅಗಲ 13.33 ಇಂಚು. ನನ್ನ ಮೊಬೈಲನ್ನು ನೆಟ್ಟಗೆ ಹಿಡಿದರೆ ಪರದೆಯ ಅಗಲ ಎರಡೂಮುಕ್ಕಾಲು ಇಂಚು. ಅಂದರೆ ಸ್ಲೈಡ್ ಹೆಚ್ಚುಕಮ್ಮಿ ಐದರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ. ಅವರು 18 ಪಾಯಿಂಟ್‌ನಲ್ಲಿ ಬರೆದ ಅಕ್ಷರ ನನ್ನ ಕೈಗೆ ಬರುವಾಗ 4 ಪಾಯಿಂಟ್ ಕೂಡ ಇರುವುದಿಲ್ಲ. ಅಡ್ಡ ಹಿಡಿದರೆ ಸ್ವಲ್ಪ ಮೇಲು, ಆದರೂ 7 ಪಾಯಿಂಟ್ ಮುಟ್ಟುವುದಿಲ್ಲ. ನಿಮ್ಮ ಪತ್ರಿಕೆಯನ್ನು ಅಷ್ಟು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿದರೆ ಯಾರು ಓದುತ್ತಾರೆ ಹೇಳಿ?

ಕನ್ನಡಕ್ಕೆ ಇದು ಇನ್ನೂ ಕಷ್ಟ. ನಮ್ಮಲ್ಲಿ ಅಕ್ಷರದ ತಲೆಯ ಮೇಲೆ ಗುಡಿಸು, ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ. ದ ಮತ್ತು ಧ ನಡುವೆ ಇರುವುದು ಒಂದು ಸಣ್ಣ ಸೀಳು ಮಾತ್ರ. ಸ್ಕ್ರೀನ್ ಶೇರ್ ಮಾಡಿದಾಗ ನಮಗೆ ಬರುವುದು ಫೈಲ್ ಅಲ್ಲ, ವಿಡಿಯೊ. ನೆಟ್‌ವರ್ಕ್ ಕುಂಟಿದ ಕೂಡಲೇ ಮೊದಲು ಅಳಿಸಿಹೋಗುವುದು ಇಂಥ ಸಣ್ಣ ಗೆರೆಗಳೇ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋದರೆ ಸ್ವಲ್ಪ ಹೊತ್ತಿಗೆ ಟವರ್ ಕೂಡ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಟ್‌ವರ್ಕ್ ಕುಂಟದ ದಿನ ಬಹಳ ಕಮ್ಮಿ.

1987ರಲ್ಲಿ ಪವರ್‌ಪಾಯಿಂಟ್ ಮೊದಲು ಬಂದಾಗ, ಅದರಲ್ಲಿ ಮಾಡಿದ ಪುಟಗಳನ್ನು ಪಾರದರ್ಶಕ ಹಾಳೆಗೆ ಇಳಿಸಿ ಓವರ್‌ಹೆಡ್ ಪ್ರೊಜೆಕ್ಟರ್‌ನಲ್ಲಿ ಗೋಡೆಯ ಮೇಲೆ ಬೀಳಿಸುತ್ತಿದ್ದರು. ಗೋಡೆಗೆಂದು ಹುಟ್ಟಿದ್ದನ್ನು ನಾವೀಗ ಅಂಗೈಯಲ್ಲಿ ನೋಡುತ್ತಿದ್ದೇವೆ. ಸ್ಲೈಡ್ ತಯಾರಿಸುವವರ ಮುಂದೆ ದೊಡ್ಡ ಮಾನಿಟರ್ ಇರುತ್ತದೆ, ಅವರಿಗೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಒಂದು ಸಲ ತಮ್ಮದೇ ಮೊಬೈಲಿನಿಂದ ಅದೇ ಸಭೆಗೆ ಸೇರಿ ನೋಡಿದರೆ ಸಾಕು, ನಾನು ಹೇಳುವುದು ಅರ್ಥವಾಗುತ್ತದೆ.

ಇಷ್ಟು ಕಣ್ಣು ಕಾಣುವವರ ಪಾಡು. ನಮ್ಮ ಪಕ್ಕದ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ಮೇಷ್ಟ್ರೊಬ್ಬರಿದ್ದಾರೆ. ಅವರಿಗೆ ಕಣ್ಣು ಕಾಣುವುದಿಲ್ಲ. ಬಹಳ ಒಳ್ಳೆಯ ಮೇಷ್ಟ್ರು, ಮಕ್ಕಳು ಅವರ ಪಾಠ ಬಿಡುವುದಿಲ್ಲ. ಸಭೆ ಮುಗಿದ ಮೇಲೆ ಅವರಿಂದ ನನಗೆ ಫೋನ್ ಬರುತ್ತದೆ. "ಮೇಡಂ, ಇಲ್ಲಿ ನೋಡಿ, ಇಲ್ಲಿ ನೋಡಿ ಅಂತ ನಾಲ್ಕು ಸಲ ಅಂದರು. ಅಲ್ಲೇನಿತ್ತು?" ನನಗೆ ಕಂಡಷ್ಟನ್ನು ಹೇಳುತ್ತೇನೆ. ಅವರ ಫೋನಿನಲ್ಲಿ ಟಾಕ್‌ಬ್ಯಾಕ್ ಇದೆ, ಪರದೆಯಲ್ಲಿ ಏನು ಬರೆದಿದ್ದರೂ ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಎನ್‌ವಿಡಿಎ ಹಾಕಿಕೊಂಡಿದ್ದಾರೆ, ಅದೂ ಹೀಗೇ ಓದಿ ಹೇಳುವ ಉಚಿತ ತಂತ್ರಾಂಶ. ಆದರೆ ಸ್ಕ್ರೀನ್ ಶೇರ್‌ನಲ್ಲಿ ಬರುವ ಸ್ಲೈಡ್ ಬರೀ ಚಿತ್ರ, ಅದರಲ್ಲಿ ಈ ತಂತ್ರಾಂಶಗಳಿಗೆ ಓದಲು ಏನೂ ಸಿಗುವುದಿಲ್ಲ.

ಒಮ್ಮೆ ನಾನೇ ಕೇಳಿಕೊಂಡು ಅವರಿಗಾಗಿ ಫೈಲ್ ತರಿಸಿದೆ. ಅವರು ಫೋನ್ ಸ್ಪೀಕರ್‌ಗೆ ಹಾಕಿ ನನಗೆ ಕೇಳಿಸಿದರು. ಕನ್ನಡ ಅಂತ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ಪಿ ಬಂತು, ತಲೆಯ ಮೇಲೆ ಗೀಟಿರುವ ಎ ಬಂತು, ಪೌಂಡ್ ಗುರುತು ಬಂತು. ಫೈಲನ್ನು ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದರು. ಆ ಫಾಂಟ್ ಒಳಗೆ ಇಂಗ್ಲಿಷ್ ಕಡೆಯ ಅಕ್ಷರಗಳನ್ನೇ ಇಟ್ಟುಕೊಂಡು ಹೊರಗೆ ಕನ್ನಡದ ರೂಪ ತೋರಿಸುತ್ತದೆ. ಆ ಫಾಂಟ್ ಇಲ್ಲದ ಫೋನಿನಲ್ಲಿ ತೆರೆದರೆ ಕಣ್ಣಿರುವವರಿಗೂ ಇದೇ ಕಾಣುವುದು. ತಪ್ಪು ನುಡಿಯದ್ದಲ್ಲ, ಅದರಲ್ಲೇ, ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಇರುವ ಯೂನಿಕೋಡ್‌ನಲ್ಲಿ ಟೈಪ್ ಮಾಡಲು ಬರುತ್ತದೆ. ಹಳೇ ಅಭ್ಯಾಸ ಬಿಡುತ್ತಿಲ್ಲ ಅಷ್ಟೇ. ವಿಂಡೋಸ್‌ನಲ್ಲಿ ನಿರ್ಮಲಾ ಫಾಂಟ್ ಮೊದಲೇ ಇರುತ್ತದೆ, ಗೂಗಲ್‌ನ ನೋಟೊ ಕನ್ನಡ ಉಚಿತವಾಗಿ ಸಿಗುತ್ತದೆ. ಯೂನಿಕೋಡ್‌ನಲ್ಲಿ ಬರೆದರೆ ಯಾವ ಫೋನಿನಲ್ಲಾದರೂ ಕನ್ನಡ ಕನ್ನಡವಾಗಿಯೇ ತೆರೆಯುತ್ತದೆ. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ಎಲೆಕ್ಟ್ರಾನಿಕ್ ಮಾಧ್ಯಮದಲ್ಲಿ ಇರುವುದೆಲ್ಲ ಅವರಿಗೂ ಸಿಗುವ ರೂಪದಲ್ಲಿ ಇರುವಂತೆ ಸರ್ಕಾರ ನೋಡಿಕೊಳ್ಳಬೇಕು ಅಂತ ಅದರ 42ನೇ ಸೆಕ್ಷನ್ ಹೇಳುತ್ತದೆ. ಈ ಮೇಷ್ಟ್ರು ಅದಕ್ಕಾಗಿ ಯಾರ ಮುಂದೆಯೂ ಕೈಕಟ್ಟಿ ನಿಲ್ಲಬೇಕಾಗಿಲ್ಲ, ಅಲ್ವಾ?

ಆದ್ದರಿಂದ ನನ್ನ ಬೇಡಿಕೆ ಒಂದೇ. ಸ್ಲೈಡ್ ಫೈಲನ್ನು ಸಭೆಯ ಹಿಂದಿನ ದಿನವೇ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿ. ಮುಂಚೆ ಕೊಟ್ಟರೆ ಜನ ಸಭೆಗೆ ಬರುವುದಿಲ್ಲ ಅಂತ ಒಬ್ಬರು ನನಗೆ ಹೇಳಿದರು. ನಾನು ಒಪ್ಪುವುದಿಲ್ಲ. ಫೈಲ್ ಓದಿದರೆ ಸಾಕು, ಸಭೆಗೆ ಬರುವುದೇ ಬೇಡ ಅನ್ನುವ ಹಾಗಿದ್ದರೆ ಆ ಸಭೆ ಯಾಕೆ? ಓದಿಕೊಂಡು ಬಂದವರು ಪ್ರಶ್ನೆ ಕೇಳುತ್ತಾರೆ. ಸುಮ್ನೆ ಸ್ಲೈಡ್ ಓದಿ ಹೇಳುವ ಒಂದು ಗಂಟೆ ಉಳಿಯುತ್ತದೆ.

ಕಳಿಸುವಾಗ ಪಿಡಿಎಫ್ ಜೊತೆಗೆ ಮೂಲ ಪಿಪಿಟಿಯನ್ನೂ (ಪವರ್‌ಪಾಯಿಂಟ್ ಫೈಲನ್ನೂ) ಕಳಿಸಿ. ಪಿಡಿಎಫ್ ನೋಡುವವರಿಗೆ ಒಳ್ಳೆಯದು, ಆದರೆ ಓದಿಸಿ ಕೇಳುವಾಗ ಕೆಲವು ಸಲ ಕನ್ನಡದ ಅಕ್ಷರ ಹಿಂದುಮುಂದಾಗುತ್ತದೆ. ಸುತ್ತೋಲೆಯ ಫೋಟೊ ತೆಗೆದು ಸ್ಲೈಡಿಗೆ ಅಂಟಿಸಬೇಡಿ, ಅದನ್ನು ಟೈಪ್ ಮಾಡಿ. ಫೋಟೊ ಜಾಸ್ತಿ ಇದ್ದರೆ ಕುಗ್ಗಿಸಿ ಹಾಕಿ, 40 ಎಂಬಿ ಫೈಲ್ ಇಳಿಸಿಕೊಳ್ಳಲು ನಮ್ಮಲ್ಲಿ ಅರ್ಧ ದಿನ ಬೇಕು.

ತೋರಿಸುವಾಗ ಅಕ್ಷರ 28 ಪಾಯಿಂಟ್‌ಗಿಂತ ಕಮ್ಮಿ ಬೇಡ. ಪಟ್ಟಿ ಇದ್ದರೆ ನಾಲ್ಕು ಸ್ಲೈಡ್‌ಗೆ ಒಡೆಯಿರಿ. ಇಲ್ಲಿ ನೋಡಿ ಅನ್ನುವ ಬದಲು ಏಳನೇ ಸ್ಲೈಡ್, ಎರಡನೇ ಸಾಲು, ಕೊನೇ ದಿನ ಹದಿಮೂರು ಅಂತ ಬಾಯಿಬಿಟ್ಟು ಹೇಳಿ. ಮೊದಲು ಸ್ಲೈಡ್ ಶೋ ಶುರು ಮಾಡಿ, ಆಮೇಲೆ ಶೇರ್ ಮಾಡಿ. ಒಂದು ತರಬೇತಿಯಲ್ಲಿ ಶೇರ್ ಆಗಿದ್ದದ್ದು ಒಂದು ಕಿಟಕಿ, ಶೋ ನಡೆಯುತ್ತಿದ್ದದ್ದು ಇನ್ನೊಂದು ಕಿಟಕಿ. ಅವರು ಹನ್ನೊಂದನೇ ಸ್ಲೈಡ್ ವಿವರಿಸುತ್ತಿದ್ದರು, ನಮಗೆ ಮೊದಲನೆಯದೇ ನಿಂತಿತ್ತು, ನಮ್ಮೆಲ್ಲರ ಮೈಕ್ ಅವರೇ ಮ್ಯೂಟ್ ಮಾಡಿದ್ದರಿಂದ ಹೇಳಲೂ ಆಗಲಿಲ್ಲ. ಇಡೀ ಸ್ಕ್ರೀನ್ ಶೇರ್ ಮಾಡುವುದಂತೂ ಬೇಡವೇ ಬೇಡ. ಹಾಗೆ ಮಾಡಿದ ಒಬ್ಬ ಮೇಡಂ ಅವರ ಮಗಳ ಆಸ್ಪತ್ರೆಯ ರಿಪೋರ್ಟಿನ ಸಂದೇಶ ನೂರಾರು ಜನರ ಮುಂದೆ ಬಂದುಬಿಟ್ಟಿತು. ಅವರ ಮಾತು ಅಲ್ಲೇ ನಿಂತಿತು. ನೋಡಿದ ನಮಗೂ ಸಂಕಟವಾಯಿತು. ವಿಡಿಯೊ ತೋರಿಸುವುದಿದ್ದರೆ ಜೂಮ್‌ನಲ್ಲಿ ಶೇರ್ ಮಾಡುವಾಗಲೇ ಶೇರ್ ಸೌಂಡ್ ಅನ್ನುವ ಕಡೆ ಟಿಕ್ ಹಾಕಬೇಕು, ಇಲ್ಲದಿದ್ದರೆ ನಮಗೆ ಮೂಕಿ ಚಿತ್ರ.

ಇದೆಲ್ಲ ಆಗದ ಮಾತಲ್ಲ. ಈಚೆಗೆ ಒಂದು ತರಬೇತಿಯಲ್ಲಿ ಹೇಳಿಕೊಡಲು ಬಂದವರು ಹಿಂದಿನ ಸಂಜೆಯೇ ಯೂನಿಕೋಡ್‌ನಲ್ಲಿದ್ದ ಫೈಲ್ ಗ್ರೂಪಿಗೆ ಹಾಕಿದ್ದರು. ಬರೀ ಹನ್ನೆರಡು ಸ್ಲೈಡ್. ಮೇಷ್ಟ್ರು ರಾತ್ರಿ ಅದನ್ನು ಎರಡು ಸಲ ಕೇಳಿಸಿಕೊಂಡಿದ್ದರಂತೆ. ಮರುದಿನ ಸಭೆಯಲ್ಲಿ ಮೊದಲ ಪ್ರಶ್ನೆ ಅವರದೇ. ಐದನೇ ಸ್ಲೈಡಿನಲ್ಲಿ ಹೇಳಿದ್ದಕ್ಕೂ ಒಂಬತ್ತನೆಯದಕ್ಕೂ ಹೊಂದುತ್ತಿಲ್ಲವಲ್ಲ ಅಂತ ಕೇಳಿದರು. ಹೇಳಿಕೊಡುತ್ತಿದ್ದವರು ನೋಡಿ, ಹೌದು ಸರ್, ತಪ್ಪಾಗಿದೆ ಅಂತ ಅಲ್ಲೇ ತಿದ್ದಿದರು. ಕಣ್ಣು ಕಾಣುವ ನಾವು ಯಾರೂ ಅದನ್ನು ಗಮನಿಸಿರಲಿಲ್ಲ.

ತರಬೇತಿ ನಡೆಸುವವರು ನಿಮ್ಮ ಪತ್ರಿಕೆ ಓದುತ್ತಾರೆ ಅಂತ ನಂಬಿ ಬರೆದಿದ್ದೇನೆ. ಸಾಧ್ಯವಾದರೆ ಸಂಜೆ ನಾಲ್ಕೂವರೆಯ ಒಳಗೆ ಫೈಲ್ ಹಾಕಿ. ಆ ಹೊತ್ತಿಗೆ ನಾವಿನ್ನೂ ಶಾಲೆಯಲ್ಲಿರುತ್ತೇವೆ, ಇಳಿಸಿಕೊಳ್ಳಬಹುದು. ನಮ್ಮಲ್ಲಿ ಹಲವರಿಗೆ ಮನೆಯಲ್ಲಿ ನೆಟ್‌ವರ್ಕ್ ಇಲ್ಲ.

ಇಂತಿ,
ಒಬ್ಬ ಪ್ರೌಢಶಾಲಾ ಶಿಕ್ಷಕಿ
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ