ಚಹಾ ಬಿಟ್ಟವನ ಚಾಕೊಲೇಟ್

ಮಾರಾಯಾ,

ನೀನು ಕೇಳಿದ್ದು ಒಂದೇ ಸಾಲು, "ಹಾಲು ಬಿಟ್ಟವನು ಸಿಹಿಗೆ ಏನು ಮಾಡುತ್ತೀ?" ಅಂತ. ಫೋನಲ್ಲೇ ಹೇಳಬಹುದಿತ್ತು. ಆದರೆ ನೀನು ಫೋನ್ ಎತ್ತುವ ಗಿರಾಕಿ ಅಲ್ಲ. ಊರವರೆಲ್ಲ ಓದುವ ಜಾಗದಲ್ಲಿ ಬರೆದರೆ ಮರ್ಯಾದೆಗಾದರೂ ಉತ್ತರ ಕೊಡುತ್ತೀ. ವಿಟ್ಲದ ಬಸ್ಸಿನ ವಿಷಯ ಮಾತ್ರ ಇಲ್ಲಿ ಎತ್ತುವುದಿಲ್ಲ, ಹೆದರಬೇಡ.

ಮಾಡುವುದು ಚಾಕೊಲೇಟ್ ಡಿಪ್. ಹಣ್ಣು ಅದ್ದಿಕೊಂಡು ತಿನ್ನುವುದು. ಹಾಲು, ಬೆಣ್ಣೆ, ಕ್ರೀಮು ಏನೂ ಇಲ್ಲ. ಒಂದು ಕಪ್ ನೆಲಗಡಲೆಯನ್ನು ಸಣ್ಣ ಉರಿಯಲ್ಲಿ ಹುರಿ, ಸಿಪ್ಪೆ ಉಜ್ಜಿ ಊದಿ ತೆಗೆ, ಮಿಕ್ಸಿಗೆ ಹಾಕು. ಎಣ್ಣೆ ಬೇಡ, ನೀರಂತೂ ಈಗ ಮುಟ್ಟಿಸಲೇಬೇಡ. ಮೊದಲು ಪುಡಿಯಾಗುತ್ತದೆ. ಆಮೇಲೆ ಮುದ್ದೆಯಾಗಿ ಜಾರಿನ ಬದಿಗೆ ಅಂಟಿ ಕೂರುತ್ತದೆ, ಬ್ಲೇಡು ಸುಮ್ನೆ ತಿರುಗುತ್ತದೆ. ಎಲ್ಲರೂ ಕೈಬಿಡುವುದು ಇಲ್ಲೇ. ಜಾರು ಬಿಸಿಯಾದರೆ ಸ್ವಲ್ಪ ಹೊತ್ತು ನಿಲ್ಲಿಸು, ಚಮಚದಲ್ಲಿ ಕೆರೆದು ಕೆಳಗೆ ತಳ್ಳು, ಮತ್ತೆ ತಿರುಗಿಸು. ನೆಲಗಡಲೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯೇ ಇರುವುದು. ಅದು ಬಿಟ್ಟುಕೊಂಡ ಗಳಿಗೆಯಲ್ಲಿ ಮಿಕ್ಸಿಯ ಸದ್ದೇ ಬದಲಾಗುತ್ತದೆ, ಮುದ್ದೆ ಸಡಿಲಾಗಿ ಮಡಿಕೆ ಮಡಿಕೆಯಾಗಿ ಸುತ್ತುತ್ತದೆ.

ಇದಕ್ಕೆ ಮೂರು ದೊಡ್ಡ ಚಮಚ ಕೊಕ್ಕೊ ಪುಡಿ. ಸಕ್ಕರೆ ಬೆರೆಸದ್ದು. ಡಾರ್ಕ್ ಚಾಕೊಲೇಟ್ ಕರಗಿಸಿದರೂ ಆಗುತ್ತದೆ, ಆದರೆ ಡಾರ್ಕ್ ಅಂತ ದೊಡ್ಡದಾಗಿ ಬರೆದ ಎಷ್ಟೋ ಚಾಕೊಲೇಟಿನ ಬೆನ್ನಲ್ಲಿ ಸಣ್ಣ ಅಕ್ಷರದಲ್ಲಿ ಹಾಲು ಕೂತಿರುತ್ತದೆ. ಓದಿ ತಗೋ. ಸಿಹಿಗೆ ಜೋನಿ ಬೆಲ್ಲ, ಅದೇ ನೀರು ನೀರಾದ ಬೆಲ್ಲ. ಇಲ್ಲಿ ಮುಂಬೈಯಲ್ಲಿ ದಾದರಿನ ಮರಾಠಿ ಅಂಗಡಿಗಳಲ್ಲಿ ಕಾಕವಿ ಅಂತ ಬಾಟಲಿಯಲ್ಲಿ ಸಿಗುತ್ತದೆ, ನಾನು ಅದನ್ನೇ ಹಾಕುವುದು. ಚಿಟಿಕೆ ಉಪ್ಪು.

ಕೊನೆಗೆ ಬಿಸಿ ತೆಂಗಿನ ಹಾಲು. ಮೊದಲ ಚಮಚ ಬಿದ್ದ ಕೂಡಲೇ ಎಲ್ಲ ಗಟ್ಟಿಯಾಗಿ ಕೂರುತ್ತದೆ. ಕೆಟ್ಟೇಹೋಯಿತು ಅನ್ನಿಸುತ್ತದೆ. ಕೆಟ್ಟಿಲ್ಲ. ಎಣ್ಣೆಯಲ್ಲಿ ತೇಲುತ್ತಿದ್ದ ಪುಡಿಗೆ ಚೂರೇ ಚೂರು ನೀರು ಸಿಕ್ಕರೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಇನ್ನೂ ಸುರಿದರೆ ಬಿಡುತ್ತದೆ. ಅರ್ಧ ಕಪ್‌ವರೆಗೆ ಸ್ವಲ್ಪ ಸ್ವಲ್ಪವೇ ಹಾಕಿ ಕಲಸು. ಹೊಳೆಯಲು ಶುರುವಾದರೆ ಆಯಿತು.

ಕೊಕ್ಕೊ ಪೊಟ್ಟಣ ಕತ್ತರಿಸುವಾಗೆಲ್ಲ ನಿನ್ನ ಅಜ್ಜ ನೆನಪಾಗುತ್ತಾರೆ. ಅಡಿಕೆ ತೋಟದ ನಡುವೆ ನಾವು ಕೂತು ಹಣ್ಣನ್ನು ಕಲ್ಲಿಗೆ ಗುದ್ದಿ ಒಡೆಯುವುದು, ಬೀಜದ ಮೇಲಿನ ಬಿಳಿ ಲೋಳೆ ಚೀಪುವುದು, ಬೀಜವನ್ನು ಏನೂ ಆಗದವರ ಹಾಗೆ ತಿರುಗಿ ಬುಟ್ಟಿಗೆ ಹಾಕುವುದು. ಹಸಿ ಬೀಜ ತೂಕಕ್ಕೆ ಹೋಗುವುದು, ಲೋಳೆ ಹೋದರೆ ತೂಕ ಹೋಯಿತು ಅಂತ ಅವರು ಬೈದದ್ದು ಪುತ್ತೂರಿಗೇ ಕೇಳಿಸಿರಬೇಕು. ಅಲ್ಲಿ 1986ರಿಂದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ಚಾಕೊಲೇಟ್ ಕಾರ್ಖಾನೆ ಇದ್ದರೂ ನಮಗೆ ಕೊಕ್ಕೊ ಅಂದರೆ ಚೀಪುವ ಹಣ್ಣೇ. ಅದರ ಪುಡಿ ಇಷ್ಟು ಕಹಿ ಅಂತ ಗೊತ್ತಾದದ್ದು ಮುಂಬೈಗೆ ಬಂದ ಮೇಲೆ.

ಹೆಲ್ದಿಯಾ ಅಂತ ಕೇಳಬೇಡ. ಹಾಲಿಲ್ಲ, ಬಿಳಿ ಸಕ್ಕರೆ ಇಲ್ಲ. ಆದರೆ 100 ಗ್ರಾಂ ನೆಲಗಡಲೆಗೆ 560ಕ್ಕೂ ಜಾಸ್ತಿ ಕ್ಯಾಲರಿ, ಬೆಲ್ಲವೂ ಸಕ್ಕರೆಯ ಅಣ್ಣನೇ. ಎರಡು ಚಮಚಕ್ಕೆ ನಿಲ್ಲಿಸುವವನಿಗೆ ಹೆಲ್ದಿ. ನಾನು ಆ ಜಾತಿ ಅಲ್ಲ.

ಹಾಲು ಬಿಟ್ಟದ್ದು ಹೊಟ್ಟೆಯ ಕಾಟಕ್ಕೆ. ದೊಡ್ಡವರಾದಂತೆ ಹಾಲಿನೊಳಗಿನ ಸಕ್ಕರೆಯನ್ನು ಅರಗಿಸುವ ಶಕ್ತಿ ತುಂಬಾ ಜನರಲ್ಲಿ ಕಡಿಮೆಯಾಗುತ್ತದೆ, ನನ್ನದೂ ಹಾಗೇ ಆಗಿದೆ. ಆದರೆ ಹಾಲು ಹೋದರೆ ಚಹಾ ಹೋಯಿತು. ಚಹಾ ಹೋದರೆ ಮುಂಬೈಯಲ್ಲಿ ಏನುಳಿಯಿತು ಹೇಳು? ಸ್ಟೇಷನ್ ಹೊರಗಿನ ಕಟಿಂಗ್, ಅಂದರೆ ಅರ್ಧ ಗ್ಲಾಸು ಚಹಾ, ಇಲ್ಲ. ಆಫೀಸಿನ ಕೆಳಗಿನ ಚಹಾದ ಗೂಡಂಗಡಿ, ಟಪರಿ, ಇಲ್ಲ. ಮಾಟುಂಗದ ನೆಂಟರ ಮನೆಯೂ ಇಲ್ಲ. ಚಹಾ ಬೇಡ ಅಂದರೆ ಕಾಫಿ, ಕಾಫಿ ಬೇಡ ಅಂದರೆ ಬಾದಾಮಿ ಹಾಲು, ಅದೂ ಬೇಡ ಅಂದರೆ ಅತ್ತೆಯ ಮುಖ ಸಪ್ಪೆ. ಕಪ್ಪು ಚಹಾ ಕುಡಿ ಅನ್ನಬೇಡ, ಅದು ಜ್ವರ ಬಂದವರಿಗೆ. ಹಾಲಿನ ದೆಸೆಯಿಂದ ಜನರೇ ತಪ್ಪಿಹೋದರು ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತೇನೆ. ಪಾಪ ಅನ್ನುತ್ತಾರೆ.

ನಿಜ ಹೇಳಲಾ? ನನಗೆ ಹಾಯಾಗಿದೆ.

ಮೊನ್ನೆ ಭಾನುವಾರ ಮಹಾಬಳೇಶ್ವರದ ಸ್ಟ್ರಾಬೆರಿ ತಂದಿದ್ದೆ. ತೊಟ್ಟು ಹಿಡಿದು ಒಂದನ್ನು ಅದ್ದಿ ಬಾಯಿಗಿಟ್ಟಿದ್ದೆ ಅಷ್ಟೇ, ಬಾಗಿಲ ಗಂಟೆ. ಕೈ ತಾನಾಗಿ ಬಟ್ಟಲನ್ನು ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಹಿಂದಕ್ಕೆ ತಳ್ಳಿತು. ಬಾಯಿ ಒರೆಸಿಕೊಂಡೆ. ಫ್ಯಾನ್ ಆರಿಸಿ ಉಸಿರು ಬಿಗಿಹಿಡಿದು ನಿಂತೆ, ಯಾರೇ ಇರಲಿ ಹೊರಟುಹೋದರೆ ಸಾಕು ಅಂತ. ಹೋಗಲಿಲ್ಲ. ತೆರೆದರೆ ಎದುರು ಮನೆ ಆಂಟಿ, ನಾನು ಕಾಕು ಅನ್ನುವವರು, ಕೈಯಲ್ಲಿ ಸಾಬುದಾಣೆ ಖಿಚಡಿಯ ಡಬ್ಬಿ. ನಿನಗೆ ಅಂತ ತುಪ್ಪ ಹಾಕಿಲ್ಲ, ಎಣ್ಣೆಯಲ್ಲೇ ಮಾಡಿದ್ದು ಅಂದರು. ಒಳಗೆ ಬನ್ನಿ ಅನ್ನಲಿಲ್ಲ ಮಾರಾಯ. ಡಬ್ಬಿ ಇಸಕೊಂಡು ಹೊಸಿಲ ಮೇಲೇ ನಿಂತು ಹಲ್ಲು ಕಿರಿದೆ. ಅವರ ಕಣ್ಣು ನನ್ನ ಗಲ್ಲದ ಮೇಲೆ. ಒರೆಸಿದ್ದು ಸರಿಯಾಗಿರಲಿಲ್ಲ.

ಹತ್ತು ಕೈ ಬೀಳಲಿ ಅಂತ ನಡುವೆ ಇಡುವ ಪದಾರ್ಥ ಈ ಡಿಪ್. ನಾನು ಫ್ರಿಜ್ಜಿನ ಬಾಗಿಲು ತೆರೆದಿಟ್ಟು, ನಿಂತುಕೊಂಡು, ಚಮಚದಲ್ಲಿ ಮುಗಿಸುತ್ತೇನೆ. ನೀನು ಬೆಂಗಳೂರಿಗೆ ಹೋದ ಮೇಲೆ ಹೀಗಾಯಿತು ಅಂದರೆ ನಿನಗೆ ಸೊಕ್ಕು ಬರುತ್ತದೆ, ಹಾಗಾಗಿ ಅನ್ನುವುದಿಲ್ಲ. ಮೊದಲೇ ಇತ್ತೋ ಏನೋ. ಟಪರಿಯಲ್ಲಿ ನಿಂತಾಗ ಮಾತಾಡುತ್ತಿದ್ದದ್ದು ನೀನು, ನನ್ನ ಕೈಯಲ್ಲಿ ಗ್ಲಾಸು ಇರುತ್ತಿತ್ತು ಅಷ್ಟೇ ಅಲ್ವಾ? ಗ್ಲಾಸು ಹೋದ ಮೇಲೆ ಜನರ ಎದುರು ಕೈ ಎಲ್ಲಿಡಬೇಕು ಅಂತಲೇ ತಿಳಿಯುತ್ತಿಲ್ಲ.

ಸಾಕು. ಡಿಪ್ ಬಗ್ಗೆ ಕೇಳಿದವನಿಗೆ ಜಾತಕ ಬಿಚ್ಚಿಟ್ಟ ಹಾಗಾಯಿತು. ಓದುತ್ತಿರುವ ಉಳಿದವರು ದಯವಿಟ್ಟು ನನಗೆ ಧ್ಯಾನ ಶಿಬಿರದ ಲಿಂಕ್ ಕಳಿಸಬೇಡಿ, ನಾನು ದಪ್ಪಗಾಗುವುದೊಂದು ಬಿಟ್ಟರೆ ಚೆನ್ನಾಗಿಯೇ ಇದ್ದೇನೆ.

ಕಾಕು ಡಬ್ಬಿಯನ್ನು ಖಾಲಿ ಕಳಿಸುವ ಹಾಗಿಲ್ಲ. ಡಿಪ್ಪನ್ನೇ ತುಂಬಿಸಿ ಕೊಡೋಣ ಅಂದರೆ ಅಷ್ಟರಲ್ಲಿ ಅದು ಮುಗಿದಿತ್ತು, ಯಾರು ಮುಗಿಸಿದರು ಅಂತ ಕೇಳಬೇಡ. ಈಗ ಮತ್ತೆ ನೆಲಗಡಲೆ ಹುರಿಯಲು ಇಟ್ಟಿದ್ದೇನೆ, ವಾಸನೆ ಬರುತ್ತಿದೆ, ಏಳಬೇಕು. ತೆಂಗಿನ ಹಾಲು ಇರುವುದರಿಂದ ಎರಡು ಮೂರು ದಿನಕ್ಕಿಂತ ಜಾಸ್ತಿ ಇಡಬೇಡ, ಫ್ರಿಜ್ಜಿನಲ್ಲಿ ಗಟ್ಟಿಯಾದರೆ ಹೊರಗಿಟ್ಟು ಕಲಕು. ಈ ಕಡೆ ಬರುವಾಗ ಕೊಕ್ಕೊ ಪುಡಿ ಎರಡು ಪೊಟ್ಟಣ ತಾ.

ಇತಿ ನಿನ್ನ,
ಡೊಂಬಿವಲಿ