ಚಂಡಮಾರುತದ ಮುನ್ಸೂಚನೆ ತಗಡಿನ ಶೆಡ್ಡಿಗೂ ತಲುಪಲಿ

ಮಾನ್ಯ ಸಂಪಾದಕರೆ,

ಮೇ ತಿಂಗಳು ಬಂತೆಂದರೆ, ಆಮೇಲೆ ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತವಾದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. ಬಾಗಲಕೋಟೆ, ವಿಜಯಪುರದ ಓದುಗರು ಅದು ಮಂಗಳೂರು, ಉಡುಪಿ, ಕಾರವಾರದವರಿಗೆ ಬಿಟ್ಟ ಸುದ್ದಿ ಎಂದುಕೊಂಡು ಪುಟ ತಿರುವುತ್ತಾರೆ. 2021ರ ಮೇ ತಿಂಗಳವರೆಗೆ ನಾನೂ ಹಾಗೆಯೇ ಮಾಡುತ್ತಿದ್ದೆ. ಆದರೆ ಕರಾವಳಿಯಲ್ಲಿ ಗಾಳಿ ಎದ್ದ ರಾತ್ರಿ ಅತ್ಯಂತ ದುರ್ಬಲವಾದ ಮಾಡಿನ ಕೆಳಗೆ ಮಲಗಿರುವವರಲ್ಲಿ ನಮ್ಮ ಜಿಲ್ಲೆಗಳವರೇ ಬಹಳ ಮಂದಿ ಇರುತ್ತಾರೆ ಎಂಬುದನ್ನು ನಾವೂ ಮರೆತಿದ್ದೇವೆ, ಎಚ್ಚರಿಕೆ ಕೊಡುವವರೂ ಮರೆತಂತಿದೆ. ಅದಕ್ಕಾಗಿಯೇ ಈ ಪತ್ರ.

ಬಾದಾಮಿ, ಹುನಗುಂದ, ಮುದ್ದೇಬಿಹಾಳದ ಕಡೆಯಿಂದ ಕರಾವಳಿಗೆ ಗುಳೆ ಹೋಗುವುದು ಹೊಸದಲ್ಲ. ಗೌಂಡಿ ಕೆಲಸ, ರಸ್ತೆ ಕೆಲಸ, ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವ ಕೆಲಸಕ್ಕೆ ಗಂಡ ಹೆಂಡತಿ ಇಬ್ಬರೂ ಹೋಗುತ್ತಾರೆ, ಚಿಕ್ಕ ಮಕ್ಕಳನ್ನೂ ಕರೆದುಕೊಂಡೇ ಹೋಗುತ್ತಾರೆ. ಮೂರು ದಶಕ ಶಾಲೆಯಲ್ಲಿ ಹಾಜರಿ ಕೂಗಿದ ನಾನು, ದೀಪಾವಳಿಯ ನಂತರ ಎಷ್ಟು ಹೆಸರುಗಳಿಗೆ ಉತ್ತರ ಬರುವುದಿಲ್ಲ ಎಂಬುದನ್ನು ಬಲ್ಲೆ.

2021ರಲ್ಲಿ, ತೌಕ್ತೆ ಚಂಡಮಾರುತದ ವರ್ಷ, ನನ್ನ ಅಕ್ಕನ ಮಗ ತನ್ನ ಹೆಂಡತಿ ಮತ್ತು ಇಬ್ಬರು ಮಕ್ಕಳೊಂದಿಗೆ ಉಡುಪಿ ಜಿಲ್ಲೆಯ ಕಡಲ ಕಡೆಯ ಒಂದು ಕಟ್ಟಡದ ಕೆಲಸದಲ್ಲಿದ್ದ. ಕೋವಿಡ್ ಲಾಕ್‌ಡೌನ್‌ನಿಂದಾಗಿ ಊರಿಗೆ ಮರಳಲಾಗದೆ ಕೆಲಸದ ಜಾಗದಲ್ಲೇ ಉಳಿದಿದ್ದರು. ಅವರಿದ್ದ ಶೆಡ್ಡಿಗೆ ನಾಲ್ಕೂ ಕಡೆ ತಗಡು, ಮೇಲೂ ತಗಡು. ಅದು ಹಾರದಿರಲೆಂದು ತಂತಿಯಿಂದ ಬಿಗಿದು ಮೇಲೆ ಕೆಂಪುಕಲ್ಲು ಹೇರಿದ್ದರು. ಮೇ 15ರ ರಾತ್ರಿ ಅವನ ಫೋನ್ ಬಂತು: ‘ಮಾಮಾ, ಗಾಳಿ ಒಳಗ ಹೊಕ್ಕು ತಗಡ ಎತ್ತಾಕತ್ತೈತಿ, ಮ್ಯಾಲಿನ ಕಲ್ಲ ಅಳ್ಳಾಡಾಕತ್ತಾವು. ಏನ್ ಮಾಡ್ಲಿ?’ ವಾಯುಭಾರದ ಪಾಠವನ್ನು ಪ್ರತಿ ವರ್ಷ ಮಾಡಿದ್ದ ನನಗೆ ಆ ಪ್ರಶ್ನೆಗೆ ಉತ್ತರ ಹೇಳಲಾಗಲಿಲ್ಲ. ಅವರಾಗಿಯೇ ಮಕ್ಕಳನ್ನು ಎತ್ತಿಕೊಂಡು, ಇನ್ನೂ ಬಾಗಿಲು ಕೂಡಿಸದ ಹೊಸ ಕಟ್ಟಡದ ನೆಲಮಹಡಿಗೆ ಓಡಿದರು. ಬೆಳಗಾದ ಮೇಲೆ ಹೋಗಿ ನೋಡಿದರೆ ಶೆಡ್ಡಿನ ಒಂದು ತಗಡು ಪಕ್ಕದ ತೆಂಗಿನ ಮರಕ್ಕೆ ಸುತ್ತಿಕೊಂಡಿತ್ತು. ಮಕ್ಕಳು ಮಲಗಿದ್ದ ಚಾದರದ ಮೇಲೆ ಎರಡು ಕಲ್ಲು ಬಿದ್ದಿದ್ದವು.

ಮುನ್ಸೂಚನೆಯೇ ಇರಲಿಲ್ಲ ಎಂದು ನಾನು ದೂರುತ್ತಿಲ್ಲ. ಹವಾಮಾನ ಇಲಾಖೆ ದಿನಗಳ ಮೊದಲೇ ಎಚ್ಚರಿಸಿತ್ತು. ಕಡಲಿಗಿಳಿದಿದ್ದ ಮೀನುಗಾರರಿಗೆ ದಡಕ್ಕೆ ಮರಳುವಂತೆ ಸೂಚನೆ ಹೋಗಿತ್ತು. ಆದರೆ ಆ ಸೂಚನೆ ದೋಣಿಗಳನ್ನು ಮುಟ್ಟಿತೇ ಹೊರತು ದಡದಲ್ಲಿದ್ದ ಶೆಡ್ಡನ್ನು ಮುಟ್ಟಲಿಲ್ಲ. ಗುತ್ತಿಗೆದಾರನಾಗಲಿ, ಮೇಸ್ತ್ರಿಯಾಗಲಿ ಒಂದು ಮಾತು ಹೇಳಿರಲಿಲ್ಲ.

ತೌಕ್ತೆ ಕರ್ನಾಟಕದ ನೆಲವನ್ನು ಮುಟ್ಟಲೇ ಇಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಮೇ 14ರಂದು ಲಕ್ಷದ್ವೀಪದ ಬಳಿ ವಾಯುಭಾರ ಕುಸಿತವಾಗಿದ್ದ ಅದು ದಿನದಿಂದ ದಿನಕ್ಕೆ ಬಲಿಯುತ್ತ, ನಮ್ಮ ಕರಾವಳಿಗೆ ಸಮಾನಾಂತರವಾಗಿ ಸಮುದ್ರದ ಮೇಲೆಯೇ ಉತ್ತರಕ್ಕೆ ಸಾಗಿ, 17ರ ರಾತ್ರಿ ಗುಜರಾತಿನ ಕರಾವಳಿಯಲ್ಲಿ ದಿಯು ಬಳಿ ನೆಲ ಸೇರಿತು. ಅದರ ಹೊರಸುತ್ತಿನ ಗಾಳಿ ಮತ್ತು ಅಲೆಗಳಷ್ಟೇ ರಾಜ್ಯದ ಮೂರು ಕರಾವಳಿ ಜಿಲ್ಲೆಗಳಲ್ಲಿ ಮನೆಗಳನ್ನು ಕೆಡವಿದವು, ಮರಗಳನ್ನು ಉರುಳಿಸಿದವು, ಕಡಲ್ಕೊರೆತದಲ್ಲಿ ರಸ್ತೆಗಳನ್ನು ನುಂಗಿದವು. ಕಾಪು ಬಳಿ ಬಂಡೆಗಳ ನಡುವೆ ಸಿಲುಕಿದ ಟಗ್‌ನಲ್ಲಿದ್ದ (ಹಡಗುಗಳನ್ನು ಎಳೆಯುವ ದೋಣಿ) 9 ಮಂದಿಯನ್ನು ಕರಾವಳಿ ರಕ್ಷಣಾ ಪಡೆ ಮತ್ತು ನೌಕಾಪಡೆ ಸೇರಿ ಪಾರು ಮಾಡಬೇಕಾಯಿತು. ಆದ್ದರಿಂದ ‘ಚಂಡಮಾರುತ ಗುಜರಾತಿನತ್ತ’ ಎಂಬ ತಲೆಬರಹ ಓದಿ ಉಡುಪಿಯಲ್ಲಿರುವ ಮಗನ ಬಗ್ಗೆ ತಾಯಿ ನಿಶ್ಚಿಂತಳಾಗುವಂತಿಲ್ಲ.

ಅರಬ್ಬಿ ಸಮುದ್ರವೂ ಮೊದಲಿನಂತಿಲ್ಲ. ಚಂಡಮಾರುತ ಹುಟ್ಟಿ ಬಲಿಯಲು ಸಮುದ್ರದ ಮೇಲ್ಮೈ ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬೆಚ್ಚಗಿರಬೇಕು. ಈ ಕಡಲು ಈಗ ವೇಗವಾಗಿ ಕಾಯುತ್ತಿದೆ. 2001ರಿಂದ 2019ರ ಅವಧಿಯಲ್ಲಿ ಇಲ್ಲಿ ಚಂಡಮಾರುತಗಳು ಹಿಂದಿನ ಎರಡು ದಶಕಗಳಿಗಿಂತ 52 ಶೇಕಡಾದಷ್ಟು ಹೆಚ್ಚಿವೆ ಎಂದು ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ಕಂಡುಕೊಂಡಿದ್ದಾರೆ.

ಗಂಟೆಗೆ ಇಷ್ಟು ಕಿಲೋಮೀಟರ್ ವೇಗದ ಗಾಳಿ ಎಂದು ಬರೆದರೆ ಶೆಡ್ಡಿನಲ್ಲಿರುವವನಿಗೆ ಏನೂ ತಿಳಿಯುವುದಿಲ್ಲ. ಗಾಳಿಯ ವೇಗ ಇಮ್ಮಡಿಯಾದರೆ ಅದು ತಗಡಿನ ಮೇಲೆ ಹಾಕುವ ಒತ್ತಡ ನಾಲ್ಕು ಪಟ್ಟಾಗುತ್ತದೆ. 62 ಕಿ.ಮೀ. ದಾಟಿದರೆ ಅದನ್ನು ಚಂಡಮಾರುತ ಎನ್ನುತ್ತಾರೆ, ಆಗಲೇ ಗುಡಿಸಲುಗಳ ಮಾಡಿಗೆ ಹಾನಿಯಾಗುತ್ತದೆ, ಕೊಂಬೆ ಮುರಿದು ವಿದ್ಯುತ್ ತಂತಿಯ ಮೇಲೆ ಬೀಳುತ್ತದೆ. 89 ಕಿ.ಮೀ. ಮುಟ್ಟಿದರೆ ತೀವ್ರ ಚಂಡಮಾರುತ, ದೊಡ್ಡ ಮರಗಳೇ ಬುಡಸಮೇತ ಬೀಳುತ್ತವೆ. 118 ದಾಟಿದರೆ ಕಚ್ಚಾ ಮನೆ ಉಳಿಯುವುದಿಲ್ಲ, ಹಾರಿ ಬರುವ ತಗಡೇ ಕತ್ತಿಯಾಗುತ್ತದೆ. ತಗಡಿನ ಮೇಲೆ ಕಲ್ಲು ಹೇರುವ ನಮ್ಮವರ ರೂಢಿ ಬಯಲುಸೀಮೆಯ ಮುಂಗಾರು ಗಾಳಿಗೆ ಸರಿ, ಚಂಡಮಾರುತಕ್ಕೆ ಅದೇ ಪ್ರಾಣಾಪಾಯ.

ಗಾಳಿಗಿಂತಲೂ ನನಗೆ ಹೆಚ್ಚು ಭಯ ಮಳೆಯದು. ಕರಾವಳಿಯಲ್ಲಿ ಗುಡ್ಡ ಕಡಿದು ಸಮತಟ್ಟು ಮಾಡಿದ ಜಾಗದಲ್ಲಿ ಕಟ್ಟಡ ಏಳುತ್ತದೆ, ಕಡಿದ ಮಣ್ಣಿನ ಗೋಡೆಗೆ ಒತ್ತಿಕೊಂಡೇ ಕೆಲಸಗಾರರ ಶೆಡ್ಡುಗಳಿರುತ್ತವೆ, ಏಕೆಂದರೆ ಉಳಿದ ಜಾಗವೆಲ್ಲ ಮರಳು, ಕಬ್ಬಿಣ, ಸಿಮೆಂಟಿಗೆ ಬೇಕು. ಒಂದೇ ರಾತ್ರಿ ಸುರಿಯುವ ಮಳೆಗೆ ನೆನೆದ ಆ ಮಣ್ಣು ಕುಸಿದರೆ ಒಳಗಿರುವವರಿಗೆ ಎದ್ದು ಕೂರಲೂ ಸಮಯವಿರುವುದಿಲ್ಲ. ಕಪ್ಪು ಮಣ್ಣಿನ ಬಯಲಿನಿಂದ ಹೋದವರಿಗೆ ಈ ಅಪಾಯದ ಅನುಭವವೇ ಇಲ್ಲ. ಹೊಳೆ ಕಡಲು ಸೇರುವ ಅಳಿವೆಯ ಪಕ್ಕದಲ್ಲಿ ಶೆಡ್ ಹಾಕಿಕೊಂಡವರ ಸಂಕಟ ಬೇರೆ: ಕಡಲು ಉಬ್ಬಿದಾಗ ಹೊಳೆಯ ನೀರು ಮುಂದೆ ಹೋಗಲಾರದೆ ಹಿಂದಕ್ಕೆ ನುಗ್ಗುತ್ತದೆ. ಚಂಡಮಾರುತದ ಕಣ್ಣು, ಅಂದರೆ ಅದರ ನಡುಭಾಗ, ನೇರವಾಗಿ ಮೇಲೆ ಬಂದರೆ ಗಾಳಿ ಸ್ವಲ್ಪ ಹೊತ್ತು ನಿಂತುಹೋಗಿ, ಆಮೇಲೆ ಎದುರು ದಿಕ್ಕಿನಿಂದ ಅಷ್ಟೇ ಜೋರಾಗಿ ಬೀಸುತ್ತದೆ ಎಂಬುದನ್ನೂ ನಮ್ಮವರಿಗೆ ಯಾರೂ ಹೇಳಿಲ್ಲ. ಮಳೆ ನಿಂತಿತೆಂದು ಸಾಮಾನು ತರಲು ಶೆಡ್ಡಿಗೆ ಮರಳುವುದು ಅವರಿಗೆ ಸಹಜವಾಗಿ ತೋರುತ್ತದೆ.

ಮುನ್ನೆಚ್ಚರಿಕೆ ಜೀವ ಉಳಿಸುತ್ತದೆ ಎಂಬುದಕ್ಕೆ ಒಡಿಶಾ ಸಾಕ್ಷಿ. ಅಲ್ಲಿ 1999ರ ಅಕ್ಟೋಬರ್‌ನ ಸೂಪರ್ ಸೈಕ್ಲೋನ್ ಸುಮಾರು 10,000 ಮಂದಿಯನ್ನು ಬಲಿ ತೆಗೆದುಕೊಂಡಿತು. 2013ರಲ್ಲಿ ಫೈಲಿನ್ ಚಂಡಮಾರುತ ಬರುವ ಮೊದಲು ಒಡಿಶಾ ಮತ್ತು ಆಂಧ್ರದಲ್ಲಿ ಸುಮಾರು 10 ಲಕ್ಷ ಜನರನ್ನು ಸ್ಥಳಾಂತರಿಸಿದ್ದರಿಂದ ಸತ್ತವರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ಹೀಗೆ ಮನೆ ಮನೆಗೆ ಹೋಗಿ ಎಬ್ಬಿಸಬೇಕಾದರೆ ಯಾರು ಎಲ್ಲಿ ಮಲಗಿದ್ದಾರೆ ಎಂಬ ಪಟ್ಟಿ ಬೇಕು. ನಮ್ಮವರ ಮತದಾರರ ಚೀಟಿ, ಪಡಿತರ ಚೀಟಿ ಎರಡೂ ಬಾಗಲಕೋಟೆಯ ವಿಳಾಸದಲ್ಲಿವೆ. ಅಂತರರಾಜ್ಯ ವಲಸೆ ಕಾರ್ಮಿಕರಿಗೆ 1979ರ ಒಂದು ಕಾಯ್ದೆ 2025ರವರೆಗೆ ಇತ್ತು, ಆದರೆ ರಾಜ್ಯದೊಳಗೇ ಜಿಲ್ಲೆ ದಾಟಿ ಹೋದವರಿಗೆ ಅದು ಅನ್ವಯಿಸುತ್ತಿರಲಿಲ್ಲ. 2025ರವರೆಗೆ ಜಾರಿಯಲ್ಲಿದ್ದ ಕಟ್ಟಡ ಕಾರ್ಮಿಕರ 1996ರ ಕಾಯ್ದೆಯಂತೆ ಕೆಲಸದ ಸ್ಥಳದಲ್ಲಿ ಉಚಿತ ತಾತ್ಕಾಲಿಕ ವಸತಿ ಕೊಡುವುದು ಮಾಲೀಕನ ಹೊಣೆಯಾಗಿತ್ತು, ಆದರೆ ಆ ವಸತಿ ಗಾಳಿಗೆ ನಿಲ್ಲುತ್ತದೆಯೇ ಎಂದು ಮೇ ತಿಂಗಳಿಗೆ ಮೊದಲು ಹೋಗಿ ನೋಡುವವರನ್ನು ನಾನಂತೂ ಕಂಡಿಲ್ಲ.

ಕಾರ್ಮಿಕ ಇಲಾಖೆ ಮತ್ತು ಕರಾವಳಿಯ ಜಿಲ್ಲಾಡಳಿತಗಳು ಪ್ರತಿ ವರ್ಷ ಏಪ್ರಿಲ್‌ನಲ್ಲೂ ಸೆಪ್ಟೆಂಬರ್‌ನಲ್ಲೂ ಇಂಥ ಶೆಡ್ಡುಗಳನ್ನು ಎಣಿಸಿ, ಗಾಳಿ ಬಂದರೆ ಯಾವ ಶಾಲೆಗೆ, ಯಾವ ಸಭಾಭವನಕ್ಕೆ ಹೋಗಬೇಕೆಂದು ಪ್ರತಿ ಕೆಲಸದ ಜಾಗದಲ್ಲಿ ಬರೆದು ಹಾಕಿಸಬೇಕು. 2023ರ ಅಕ್ಟೋಬರ್ 12ರಂದು ಸರ್ಕಾರದ ತುರ್ತು ಎಚ್ಚರಿಕೆ ವ್ಯವಸ್ಥೆಯ ಪರೀಕ್ಷಾರ್ಥವಾಗಿ ನಮ್ಮ ಮೊಬೈಲುಗಳೆಲ್ಲ ಒಮ್ಮೆಗೇ ಕೂಗಿದ್ದವು. ಆ ವ್ಯವಸ್ಥೆಯಿಂದ ಹೋಗುವ ಸಂದೇಶ ಓದು ಬಾರದವರಿಗೂ ತಿಳಿಯುವಂತೆ ಧ್ವನಿಯಲ್ಲಿರಲಿ, ‘ತಗಡಿನ ಶೆಡ್ ಬಿಡಿ, ಪಕ್ಕಾ ಕಟ್ಟಡಕ್ಕೆ ಹೋಗಿ’ ಎಂದು ನೇರವಾಗಿ ಹೇಳಲಿ.

ನಿಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಹವಾಮಾನ ಇಲಾಖೆ ಚಂಡಮಾರುತದ ಎಚ್ಚರಿಕೆಯನ್ನು 72, 48, 24 ಮತ್ತು 12 ಗಂಟೆಗಳ ಹಂತಗಳಲ್ಲಿ ಕೊಡುತ್ತದೆ. ಅದರ ವಿವರ ಕರಾವಳಿ ಆವೃತ್ತಿಯಲ್ಲಿ ಬರುವಷ್ಟೇ ದೊಡ್ಡದಾಗಿ, ಯಾವ ತಾಲ್ಲೂಕಿನಲ್ಲಿ ಗಾಳಿ, ಮಳೆ, ಅಲೆ ಎಷ್ಟು ಎಂಬುದರೊಂದಿಗೆ, ಬಾಗಲಕೋಟೆ, ವಿಜಯಪುರ, ಬೆಳಗಾವಿ ಆವೃತ್ತಿಗಳ ಮುಖಪುಟದಲ್ಲೂ ಪ್ರಕಟವಾಗಲಿ. ನನ್ನ ಅಳಿಯ ಈ ವರ್ಷವೂ ಅಲ್ಲೇ ದುಡಿಯುತ್ತಿದ್ದಾನೆ. ಬೆಳಿಗ್ಗೆ ಆರು ಗಂಟೆಗೆ ಪತ್ರಿಕೆ ನನ್ನ ಕೈಗೆ ಬರುತ್ತದೆ, ಏಳಕ್ಕೆ ಅವನು ಕೆಲಸಕ್ಕೆ ಇಳಿಯುತ್ತಾನೆ. ಫೋನ್ ಮಾಡಿ ಓದಿ ಹೇಳಲು ನನಗೆ ಅಷ್ಟು ಸಮಯ ಸಾಕು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಮುಖ್ಯೋಪಾಧ್ಯಾಯ
ಬಾದಾಮಿ ತಾಲ್ಲೂಕು, ಬಾಗಲಕೋಟೆ ಜಿಲ್ಲೆ